ಸ್ಕೈಲೈನ್ ತಿರುವುಗಳಲ್ಲಿ ಮೂರು ವಿ8

ಮಸಲ್ ಕಾರಿನ (ದೊಡ್ಡ ವಿ8, ಅಂದರೆ ಎಂಟು ಸಿಲಿಂಡರಿನ ಇಂಜಿನ್ ಹಾಕಿದ ಅಮೆರಿಕದ ಕಾರು) ಮಾತು ಬಂದರೆ ಎಲ್ಲರೂ ಮೊದಲು ಕೇಳೋದು ಹಾರ್ಸ್‌ಪವರ್ ಎಷ್ಟು ಅಂತ. ಫೋರ್ಡ್ ಮಸ್ಟಾಂಗ್ ಜಿಟಿ (2018ರ ಮಾದರಿ) 460, ಶೆವ್ರೊಲೆ ಕಮಾರೊ ಎಸ್‌ಎಸ್ 455, ಡಾಡ್ಜ್ ಚಾಲೆಂಜರ್ ಸ್ಕ್ಯಾಟ್ ಪ್ಯಾಕ್ 485. ಕಾಗದದ ಮೇಲೆ ಅಂಥಾ ವ್ಯತ್ಯಾಸವೇನಿಲ್ಲ. ಘಾಟಿ ರಸ್ತೆಗೆ ಇಳಿಸಿದರೆ ಮಾತ್ರ ಮೂರೂ ಬೇರೆ ಬೇರೆ ಜಾತಿಯ ಕಾರುಗಳು.

ಅದು ಗೊತ್ತಾಗಿದ್ದು ಒಂದು ಭಾನುವಾರ. ಮಸ್ಟಾಂಗ್ ಗೆಳೆಯನದ್ದು, ಕಮಾರೊ ಅವನ ಸಹೋದ್ಯೋಗಿಯದ್ದು, ಚಾಲೆಂಜರ್ ನಾನು ಬಾಡಿಗೆಗೆ ತಂದಿದ್ದು. ತೀರ್ಥಹಳ್ಳಿಯಿಂದ ಬಂದಿದ್ದ ಭಾವ ಜೊತೆಗಿದ್ದರು. ಕ್ಯಾಲಿಫೋರ್ನಿಯಾದ ವುಡ್‌ಸೈಡಿನಿಂದ ಹೈವೇ 84 ಹತ್ತಿದೆವು. ಮೇಲೆ ಸ್ಕೈಲೈನ್ ರಸ್ತೆ ಸೇರುವ ಕಡೆ ಆಲಿಸಸ್ ರೆಸ್ಟೋರೆಂಟ್ ಇದೆ. ಭಾನುವಾರ ಬೈಕಿನವರು, ಕಾರಿನವರು ಎಲ್ಲರೂ ಅಲ್ಲೇ. ಅಲ್ಲಿಂದ ದಕ್ಷಿಣಕ್ಕೆ ರೆಡ್‌ವುಡ್ ಮರಗಳ ನಡುವೆ ಕಾರು ಬದಲಾಯಿಸಿಕೊಂಡು ಓಡಿಸಿದೆವು. ಸಾರ್ವಜನಿಕ ರಸ್ತೆ, ರೇಸ್ ಟ್ರ್ಯಾಕ್ ಅಲ್ಲ. ಹಾಗಾಗಿ ಯಾವುದು ಜಾಸ್ತಿ ವೇಗ ಅನ್ನೋದು ನಮ್ಮ ಪ್ರಶ್ನೆಯಾಗಿರಲಿಲ್ಲ.

ಚಾಲೆಂಜರ್ ಹೆಚ್ಚುಕಡಿಮೆ 1,900 ಕಿಲೋ. ಉಳಿದೆರಡಕ್ಕಿಂತ ಇನ್ನೂರು ಕಿಲೋ ಮೇಲೆ, ಅಂದರೆ ಮೂರು ಜನರನ್ನು ಸದಾ ಹೊತ್ತು ತಿರುಗಿದಂತೆ. ತಿರುವಿಗೆ ಸ್ಟೀರಿಂಗ್ ತಿರುಗಿಸಿದರೆ ಮೂತಿ ಒಂದು ಕ್ಷಣ ಯೋಚಿಸುತ್ತೆ. ಬ್ರೇಕ್ ಬೇಗ ಒತ್ತಬೇಕು. "ಆಗುಂಬೆ ಘಾಟಿಗೆ ಇದಾಗೋದಿಲ್ಲ ಮಾರಾಯ" ಅಂದರು ಭಾವ. ಆದರೆ ನೆಟ್ಟಗಿನ ರಸ್ತೆ ಸಿಕ್ಕಿ 6.4 ಲೀಟರ್ ಹೆಮಿ ಇಂಜಿನ್ ಗುಡುಗಿದಾಗ ಅವರ ಮುಖ ನೋಡಬೇಕಿತ್ತು.

ಮಸ್ಟಾಂಗ್‌ನ ಕಥೆ ಬೇರೆ. ಬೆರಳೆಣಿಕೆಯ ಮಾದರಿ ಬಿಟ್ಟರೆ ಅದರ ಹಿಂದಿನ ಎರಡು ಚಕ್ರಗಳೂ ಒಂದೇ ಗಟ್ಟಿ ಆಕ್ಸಲ್‌ಗೆ ಸೇರಿರುತ್ತಿದ್ದವು. ಒಂದು ಚಕ್ರ ಗುಂಡಿಗೆ ಬಿದ್ದರೆ ಇನ್ನೊಂದೂ ಕುಪ್ಪಳಿಸುತ್ತಿತ್ತು. 2015ರ ಮಾದರಿಯಿಂದ ಪ್ರತಿ ಚಕ್ರಕ್ಕೂ ಅದರದ್ದೇ ಸಸ್ಪೆನ್ಷನ್ ಬಂತು. ತಿರುವಿನ ಮಧ್ಯೆ ರಸ್ತೆ ಕಿತ್ತುಹೋದ ಕಡೆಯೂ ನಮ್ಮ ಕಾರು ಗೆರೆ ತಪ್ಪಲಿಲ್ಲ. 5 ಲೀಟರಿನ ಕೊಯೋಟಿ ಇಂಜಿನ್ ಕೆಳಗಿನ ಆರ್‌ಪಿಎಂನಲ್ಲಿ, ಅಂದರೆ ನಿಧಾನ ಸುತ್ತುವಾಗ, ಸ್ವಲ್ಪ ಸಪ್ಪೆ. ಅದಕ್ಕೆ ಜೀವ ಬರೋದು ಮೇಲಕ್ಕೆ ಎಳೆದಾಗ.

ಇನ್ನು ಕಮಾರೊ. ಇದರ ಬುನಾದಿ ಕ್ಯಾಡಿಲಾಕ್ ಎಟಿಎಸ್‌ನ ಆಲ್ಫಾ ಪ್ಲಾಟ್‌ಫಾರ್ಮ್. ಜರ್ಮನ್ ಸೆಡಾನ್‌ಗಳಿಗೆ ಪೈಪೋಟಿ ಕೊಡಲೆಂದೇ ಮಾಡಿದ್ದು. ಮೊದಲ ತಿರುವಲ್ಲೇ ಅದು ಕೈಗೆ ಗೊತ್ತಾಯಿತು. ಸ್ಟೀರಿಂಗ್ ತಿರುಗಿಸಿದ ತಕ್ಷಣ ಕಾರು ತಿರುಗಿರುತ್ತೆ, ಸುಮ್ನೆ ಓಲಾಡೋದಿಲ್ಲ. 6.2 ಲೀಟರ್ ಇಂಜಿನ್‌ಗೆ ಯಾವ ಗೇರಾದರೂ ಸರಿ, ಎಳೆಯುತ್ತೆ. ಒಂದು ಎಡ, ಕೂಡಲೇ ಒಂದು ಬಲ ಅಂತ ತಿರುವುಗಳು ಬಂದಾಗ ಮಸ್ಟಾಂಗ್ ಮೈ ಬದಲಿಸಲು ಅರೆಗಳಿಗೆ ತೆಗೆದುಕೊಳ್ಳುತ್ತಿತ್ತು. ಇದಕ್ಕೆ ಆ ಹಂಗೇ ಇಲ್ಲ. ಆ ದಿನ ನಾನು ಓಡಿಸಿದ್ದರಲ್ಲಿ ಇದೇ ಮೇಲು, ಅನುಮಾನವೇ ಬೇಡ.

ಆದರೆ ಒಳಗೆ ಕೂತರೆ ಹೊರಗೇನೂ ಕಾಣೋದಿಲ್ಲ! ಕಿಟಕಿ ಕಿರಿದು, ಬಾಗಿಲಿನ ಅಂಚು ಭುಜದ ಮಟ್ಟಕ್ಕೆ. ಬಲ ತಿರುವಿನಾಚೆ ಸೈಕಲ್ ಸವಾರ ಇದ್ದಾನಾ ಅಂತ ಕತ್ತು ಚಾಚಿ ನೋಡಬೇಕು. ಹಿಂದಿನ ಸೀಟಿನಲ್ಲಿ ಭಾವ ಐದೇ ನಿಮಿಷ ಕೂತು ಇಳಿದುಬಿಟ್ಟರು. ಇಷ್ಟು ಚೆನ್ನಾಗಿ ಚಾಸಿ ಮಾಡಿದವರು ಮನುಷ್ಯರು ಕೂರೋದನ್ನೇ ಮರೆತರಲ್ಲ ಅನಿಸಿತು.

ಸಂಜೆ ಸರಟೋಗಾ ಕಡೆ ಇಳಿದ ಮೇಲೆ "ಮನೆವರೆಗೆ ಯಾವುದರಲ್ಲಿ ಬರ್ತೀರಿ ಭಾವ?" ಅಂದೆ. ಅವರು ಉತ್ತರ ಕೊಡುವ ಮೊದಲೇ ಚಾಲೆಂಜರ್ ಬಾಗಿಲು ತೆಗೆದಿದ್ದರು. ಅಮೆರಿಕದ ಗಿರಾಕಿಗಳೂ ಹಾಗೇ ಮಾಡಿದ್ದಾರೆ. ತಿರುವಲ್ಲಿ ತಡವರಿಸುವ ಈ ಹಳೇ ಕಾರು 2018ರಲ್ಲಿ ಕಮಾರೊಗಿಂತ ಜಾಸ್ತಿ ಮಾರಾಟವಾಯಿತು. ಈಗ ಎರಡೂ ಹೊಸದಾಗಿ ಸಿಗಲ್ಲ. ಚಾಲೆಂಜರ್ ತಯಾರಿಕೆ 2023ರ ಡಿಸೆಂಬರಿನಲ್ಲಿ ನಿಂತಿತು, ಕಮಾರೊ ಕೂಡ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಉಳಿದಿರೋದು ಮಸ್ಟಾಂಗ್ ಒಂದೇ.

ನಾನಂತೂ ಮ್ಯಾನುಯಲ್ ಗೇರಿನ ಹಳೇ ಕಮಾರೊ ಹುಡುಕುತ್ತಿದ್ದೇನೆ. ಮನೆಯವಳಿಗೆ ಹಿಂದಿನ ಸೀಟಿನ ವಿಷಯ ಇನ್ನೂ ಹೇಳಿಲ್ಲ.