ಬ್ಯಾಸ್ ಮೀನು ನೋಡೋಕೆ ಸಿಹಿನೀರಲ್ಲಿ ಡೈವಿಂಗ್: ಪೂರ್ವ ಒಂಟಾರಿಯೋಗೆ ಹೊರಟವರಿಗೆ

ಬ್ಯಾಸ್ ಮೀನನ್ನ ಗಾಳದ ತುದೀಲಿ ಅಲ್ಲ, ಅದರ ಜಾಗದಲ್ಲೇ ನೀರೊಳಗೆ ಹೋಗಿ ನೋಡ್ಬೇಕು ಅಂತ ಕೆನಡಾದ ಪೂರ್ವ ಒಂಟಾರಿಯೋ ಕಡೆ ಹೊರಟಿದ್ರೆ ಮೊದಲು ಒಂದು ವಿಷಯ ತಿಳ್ಕೊಳ್ಳಿ, ಇದು ಆಳಕ್ಕೆ ಇಳಿಯೋ ಡೈವಿಂಗ್ ಅಲ್ಲ. 30 ಮೀಟರ್ ಹೋದೆ 40 ಮೀಟರ್ ಹೋದೆ ಅನ್ನೋ ಲೆಕ್ಕ ಇಲ್ಲಿ ಕೆಲಸಕ್ಕೆ ಬರಲ್ಲ, ನೋಡ್ಬೇಕಾಗಿರೋದೆಲ್ಲ ಎದೆಮಟ್ಟದ ನೀರಿಂದ ಹತ್ತು ಮೀಟರ್ ಒಳಗೇ ಸಿಗುತ್ತೆ. ಬೇಕಾಗಿರೋದು ಒಂದೇ ಕಡೆ ಅಲ್ಲಾಡದೆ ಇರೋ ಅಭ್ಯಾಸ, ಅದಿಲ್ಲ ಅಂದ್ರೆ ಎಷ್ಟು ದುಬಾರಿ ಕ್ಯಾಮೆರಾ ಇದ್ರೂ ಮೀನಿನ ಬಾಲ ಮಾತ್ರ ಸಿಗೋದು.

ನಾನು ಹೋಗಿದ್ದು ಎರಡು ಥರದ ನೀರಿಗೆ, ಎರಡನ್ನೂ ಒಂದೇ ಪ್ರವಾಸದಲ್ಲಿ ಸೇರಿಸ್ಬಹುದು. ಒಂದು ಕಿಂಗ್‌ಸ್ಟನ್‌ನಿಂದ ಉತ್ತರಕ್ಕಿರೋ ರಿಡೋ ಕಾಲುವೆಯ ಸರೋವರಗಳು, ಅದರಲ್ಲೂ ಒಪಿನಿಕಾನ್ ಸರೋವರದ ಸುತ್ತಮುತ್ತ. ಇನ್ನೊಂದು ಸೇಂಟ್ ಲಾರೆನ್ಸ್ ನದಿ, ಬ್ರಾಕ್‌ವಿಲ್‌ನಿಂದ ಪ್ರೆಸ್ಕಾಟ್ ಕಡೆಗೆ. ಟೊರಾಂಟೋದಿಂದ 401 ಹೈವೇ ಹಿಡಿದ್ರೆ ಕಿಂಗ್‌ಸ್ಟನ್‌ಗೆ ಮೂರು ಗಂಟೆ ಹತ್ರ, ಅಲ್ಲಿಂದ ಬ್ರಾಕ್‌ವಿಲ್ ಇನ್ನೊಂದು ಗಂಟೆ ಅಷ್ಟೆ. ಒಪಿನಿಕಾನ್ ಯಾಕೆ ಅಂದ್ರೆ ಆ ಸರೋವರದ ದಡದಲ್ಲೇ ಕ್ವೀನ್ಸ್ ಯೂನಿವರ್ಸಿಟಿಯ ಬಯಾಲಜಿ ಸ್ಟೇಷನ್ ಇದೆ, ಬ್ಯಾಸ್ ಗೂಡುಗಳ ಬಗ್ಗೆ ದಶಕಗಳಿಂದ ಅಲ್ಲಿ ಅಧ್ಯಯನ ನಡೀತಾ ಇದೆ. ಸಂಶೋಧಕರು ಸ್ನಾರ್ಕೆಲ್ ಹಾಕ್ಕೊಂಡು ದಡದುದ್ದಕ್ಕೂ ಈಜಿ ಗೂಡು ಹುಡುಕಿ ಪಕ್ಕದಲ್ಲಿ ನಂಬರ್ ಇರೋ ಗುರುತು ಇಡ್ತಾರೆ, ಮೊಟ್ಟೆ ಎಷ್ಟಿದೆ ಅಂತ ಕಣ್ಣಂದಾಜಲ್ಲೇ 1ರಿಂದ 5ರವರೆಗೆ ಅಂಕ ಕೊಡ್ತಾರೆ. ಅಂಥ ಗುರುತು ಕಂಡ್ರೆ ಮುಟ್ಬೇಡಿ, ದೂರದಿಂದ್ಲೇ ಸುತ್ತಿ ಹೋಗಿ, ಅದು ಒಬ್ಬರ ಇಡೀ ಸೀಸನ್ನಿನ ಕೆಲಸ.

ಯಾವಾಗ ಹೋಗ್ಬೇಕು ಅನ್ನೋದೇ ಈ ಪ್ರವಾಸದ ಅರ್ಧ ಭಾಗ. ಗೂಡು ನೋಡ್ಬೇಕು ಅಂದ್ರೆ ಮೇ ಮಧ್ಯದಿಂದ ಜೂನ್ ಮಧ್ಯ. ಕ್ಯಾಲೆಂಡರ್‌ಗಿಂತ ಥರ್ಮಾಮೀಟರ್ ನಂಬಿ, ನೀರು 15 ಡಿಗ್ರಿ ಸೆಲ್ಸಿಯಸ್ ಆಸುಪಾಸು ಬಂದಾಗ ಇಲ್ಲಿನ ಎರಡು ಬ್ಯಾಸ್ ಜಾತಿಗಳಲ್ಲಿ ಸ್ಮಾಲ್‌ಮೌತ್ ಗಂಡುಗಳು ದಡದ ಹತ್ರ ಬಂದು ಗೂಡು ಮಾಡೋಕೆ ಶುರು ಮಾಡ್ತವೆ, ಇನ್ನೊಂದು ಜಾತಿ ಲಾರ್ಜ್‌ಮೌತ್ ಸಾಮಾನ್ಯವಾಗಿ ಇನ್ನೂ ಸ್ವಲ್ಪ ಬೆಚ್ಚಗಾಗಲಿ ಅಂತ ಕಾಯುತ್ತೆ. ಮಧ್ಯದಲ್ಲಿ ಜೋರು ಚಳಿ ಬಂದು ನೀರು ತಣ್ಣಗಾದ್ರೆ ಗಂಡು ಮೀನು ಗೂಡು ಬಿಟ್ಟು ಹೋಗೋದೂ ಇದೆ. ಹಾಗಾಗಿ ರೂಮ್ ಬುಕ್ ಮಾಡುವಾಗ ತಾರೀಕು ಹಿಂದೆ ಮುಂದೆ ಮಾಡೋಕೆ ಅವಕಾಶ ಇರೋ ಥರ ನೋಡ್ಕೊಳ್ಳಿ.

ಗೂಡು ಅಂದ್ರೆ ಹುಲ್ಲು ಕಡ್ಡಿ ಏನೂ ಇರಲ್ಲ. ಗಂಡು ಮೀನು ಬಾಲದಲ್ಲಿ ಅಂಗಳ ಗುಡಿಸಿದ ಹಾಗೆ ಗುಡಿಸಿ ಗುಡಿಸಿ ಮೇಲಿನ ಹೂಳೆಲ್ಲ ತೆಗೆದು ತಟ್ಟೆ ಆಕಾರದ ತಗ್ಗು ಮಾಡುತ್ತೆ, ಸುತ್ತಲೂ ಕಂದು ಬಣ್ಣ ಇದ್ರೆ ಇದೊಂದು ವೃತ್ತ ಮಾತ್ರ ತಿಳಿ ಬಣ್ಣದಲ್ಲಿ ಕಾಣುತ್ತೆ. ಸ್ಮಾಲ್‌ಮೌತ್ ಆದ್ರೆ ಜಲ್ಲಿಕಲ್ಲಿನ ತಳ, ಪಕ್ಕದಲ್ಲಿ ಒಂದು ದೊಡ್ಡ ಬಂಡೆಯೋ ಬಿದ್ದ ಮರವೋ ಇರೋ ಜಾಗ. ಲಾರ್ಜ್‌ಮೌತ್ ಮೆತ್ತಗಿನ ತಳದಲ್ಲೂ ಮಾಡುತ್ತೆ, ಗಿಡದ ಬೇರು ಕಾಣೋ ತನಕ ಗುಡಿಸಿರುತ್ತೆ. ಒಂದೇ ಕಡೆ ಹತ್ತಾರು ಸಣ್ಣ ಗೂಡು ಒತ್ತೊತ್ತಾಗಿ ಕಂಡ್ರೆ ಅದು ಬ್ಲೂಗಿಲ್ ಥರದ ಮೀನಿಂದಿರುತ್ತೆ, ಬ್ಯಾಸ್ ಗೂಡು ಒಂಟಿ.

ಹೆಣ್ಣು ಮೊಟ್ಟೆ ಇಟ್ಟು ಹೋಗಿಬಿಡುತ್ತೆ. ಆಮೇಲಿನದ್ದೆಲ್ಲ ಗಂಡಿನ ಪಾಲು. ರೆಕ್ಕೆ ಬೀಸಿ ಮೊಟ್ಟೆ ಮೇಲೆ ನೀರು ಆಡಿಸ್ತಾ, ಹತ್ರ ಬಂದ ಪರ್ಚ್, ಸನ್‌ಫಿಶ್, ಕ್ರೇಫಿಶ್ ಎಲ್ಲವನ್ನೂ ಅಟ್ಟಿಸ್ತಾ, ಸರಿಯಾಗಿ ಊಟಾನೂ ಇಲ್ಲದೆ ಮರಿಗಳು ಚದುರಿ ಹೋಗೋ ತನಕ ವಾರಗಟ್ಟಲೆ ಕಾವಲು ಇರುತ್ತೆ. ಸ್ಮಾಲ್‌ಮೌತ್ ಮರಿಗಳು ಗೂಡಿಂದ ಮೇಲೇಳುವಾಗ ಕಡು ಕಪ್ಪು, ಲಾರ್ಜ್‌ಮೌತ್ ಮರಿಗಳು ತಿಳಿ ಹಸಿರು ಛಾಯೆ, ಇಷ್ಟರಲ್ಲೇ ಯಾವುದರ ಗೂಡು ಅಂತ ಗೊತ್ತಾಗುತ್ತೆ. ನನಗೆ ಈ ಪ್ರವಾಸದಲ್ಲಿ ಎಲ್ಲಕ್ಕಿಂತ ಹೆಚ್ಚು ಇಷ್ಟ ಆಗಿದ್ದು ಇದೇ, ಒಂದು ಮೀನು ಇಷ್ಟು ಹೊತ್ತು ಒಂದೇ ಕೆಲಸಕ್ಕೆ ನಿಂತಿರೋದನ್ನ ಕಣ್ಣಾರೆ ನೋಡೋದು.

ಅದಕ್ಕೇ ಒತ್ತಿ ಹೇಳ್ತಿದ್ದೀನಿ, ಗೂಡಿನ ಮೇಲೆ ಹೋಗಿ ತೇಲ್ಬೇಡಿ. ಗಂಡು ಮೀನನ್ನ ನೀವು ಓಡಿಸಿದ್ರೆ ಅಕ್ಕಪಕ್ಕ ಕಾಯ್ತಿರೋ ಮೀನುಗಳು ಕೆಲವೇ ನಿಮಿಷದಲ್ಲಿ ನುಗ್ಗಿ ಮೊಟ್ಟೆ ತಿಂತವೆ, ಗಾಳಕ್ಕೆ ಸಿಕ್ಕಿಸಿ ವಾಪಸ್ ಬಿಟ್ಟ ಗಂಡುಗಳ ಗೂಡಿಗೂ ಹೀಗೇ ಆಗುತ್ತೆ ಅಂತ ಅಧ್ಯಯನಗಳಲ್ಲಿ ಚೆನ್ನಾಗಿ ದಾಖಲಾಗಿದೆ. ಮೂರು ನಾಲ್ಕು ಮೀಟರ್ ದೂರದಲ್ಲಿ ನಿಲ್ಲಿ, ಗಂಡು ನಿಮ್ಮ ಕಡೆಗೇ ತಿರುಗಿ ನಿಂತ್ರೆ ಇನ್ನೂ ಹಿಂದೆ ಹೋಗಿ, ಅದು ಮತ್ತೆ ಗೂಡಿನ ಮೇಲೆ ಸುತ್ತೋಕೆ ಶುರು ಮಾಡಿದ ಮೇಲೆ ನೋಡೋಕೆ ಶುರು ಮಾಡಿ. ಒಂದೆರಡು ಮೀಟರ್ ನೀರಿನ ಗೂಡಿಗೆ ಟ್ಯಾಂಕ್ ಬೇಕಾಗೇ ಇಲ್ಲ, ಟ್ಯಾಂಕಿನ ಗಾಳಿ ಬಾಯಿಗೆ ಕೊಡೋ ರೆಗ್ಯುಲೇಟರಿನ ಗುಳ್ಳೆ ಸದ್ದಿಗಿಂತ ಸ್ನಾರ್ಕೆಲ್ ಎಷ್ಟೋ ಮೇಲು. ಸ್ಕೂಬಾ ಇಟ್ಕೊಳ್ಳಿ ಆಳದ ಗೂಡಿಗೆ ಮತ್ತೆ ಆಮೇಲಿನ ನದಿ ಭಾಗಕ್ಕೆ. ಇನ್ನೊಂದು, ಅಧ್ಯಯನ ಅಂತ ಮೀನು ಹಿಡಿಯೋದು, ಮೊಟ್ಟೆ ತೆಗೆಯೋದು ಬೇಡ, ಅದಕ್ಕೆ ಒಂಟಾರಿಯೋ ಸರ್ಕಾರದ ಪ್ರತ್ಯೇಕ ಲೈಸೆನ್ಸ್ ಬೇಕು.

ನೋಡಿದ್ದನ್ನ ಬರ್ಕೊಳ್ಳೋಕೆ ಸ್ಲೇಟು ಪೆನ್ಸಿಲ್ ಒಯ್ಯಿರಿ. ನೀರಿನ ಉಷ್ಣತೆ, ಆಳ, ತಳ ಎಂಥದ್ದು, ಗೂಡಲ್ಲಿ ಮೊಟ್ಟೆನಾ ಮರಿನಾ, ಗಂಡು ಎಷ್ಟು ಸಲ ಅಟ್ಟಿಸ್ತು, ಇಷ್ಟು ಸಾಕು. ಉದ್ದ ಅಂದಾಜು ಮಾಡುವಾಗ ಮಾತ್ರ ಹುಷಾರು, ಮಾಸ್ಕ್ ಒಳಗಿಂದ ಎಲ್ಲ ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುತ್ತೆ, 45 ಸೆಂಟಿಮೀಟರ್ ಮೀನು 60 ಅನ್ನಿಸುತ್ತೆ. ಸೆಂಟಿಮೀಟರ್ ಗುರುತು ಹಾಕಿದ ಕೋಲು ಒಂದಿದ್ರೆ ಗೂಡಿನ ಪಕ್ಕದ ಕಲ್ಲಿಗೆ ಹೋಲಿಸಿ ನೋಡ್ಕೋಬಹುದು. ಜಾತಿ ಗುರುತಿಸೋದು ಸುಲಭ, ಬಾಯಿ ಮೂಲೆ ಕಣ್ಣು ದಾಟಿ ಹಿಂದೆ ಹೋಗಿದ್ರೆ ಮತ್ತೆ ಪಕ್ಕೆಯುದ್ದಕ್ಕೂ ಕಪ್ಪು ಪಟ್ಟೆ ಇದ್ರೆ ಲಾರ್ಜ್‌ಮೌತ್, ಬಾಯಿ ಕಣ್ಣು ದಾಟದೆ ಮೈಮೇಲೆ ಆ ಉದ್ದ ಪಟ್ಟೆಯ ಬದಲು ಮೇಲಿಂದ ಕೆಳಗೆ ಗೆರೆಗಳಿದ್ರೆ ಸ್ಮಾಲ್‌ಮೌತ್.

ಗೇರ್ ವಿಷಯ. ನೇತ್ರಾಣಿ ಥರ ಸಮುದ್ರದಲ್ಲಿ ಕಲಿತವರು ಮುಳುಗೋಕೆ ಅಲ್ಲಿ ಕಟ್ತಿದ್ದ ಅದೇ ತೂಕ ಕಟ್ಕೊಂಡು ಇಳೀಬೇಡಿ, ಉಪ್ಪು ನೀರಿಗಿಂತ ಸಿಹಿನೀರಿನ ಸಾಂದ್ರತೆ ಸುಮಾರು ಎರಡೂವರೆ ಪರ್ಸೆಂಟ್ ಕಡಿಮೆ, ಅಂದ್ರೆ ಅದೇ ಸೂಟಲ್ಲಿ 2-3 ಕೆಜಿ ಕಡಿಮೆ ಸಾಕು. ಆದ್ರೆ ಮೇ ತಿಂಗಳಲ್ಲಿ 7 ಮಿಲಿಮೀಟರ್ ವೆಟ್‌ಸೂಟ್, ಹುಡ್, ಗ್ಲೌಸ್ ಎಲ್ಲ ಬೇಕು, ದಪ್ಪ ಸೂಟ್ ಮತ್ತೆ ತೇಲಿಸುತ್ತೆ, ಅದಕ್ಕೆ ಮೊದಲು ದಡದ ಹತ್ರ ತೂಕ ಚೆಕ್ ಮಾಡ್ಕೊಂಡೇ ಮುಂದೆ ಹೋಗಿ. ಸರೋವರದ ತಳದಲ್ಲಿ ಎಷ್ಟೋ ಕಡೆ ಹೂಳು, ಸಾಮಾನ್ಯವಾಗಿ ಕಾಲು ಮೇಲೆ ಕೆಳಗೆ ಬಡಿದ್ರೆ ಒಂದೇ ನಿಮಿಷದಲ್ಲಿ ಏನೂ ಕಾಣಲ್ಲ. ಕಪ್ಪೆ ಥರ ಪಕ್ಕಕ್ಕೆ ಒದೆಯೋ ಫ್ರಾಗ್ ಕಿಕ್ ಚೆನ್ನಾಗಿ ಬರೋ ತನಕ ಈ ಪ್ರವಾಸ ಮುಂದಕ್ಕೆ ಹಾಕಿದ್ರೂ ಪರವಾಗಿಲ್ಲ ಅಂತ ನನ್ನ ಅಭಿಪ್ರಾಯ.

ಜುಲೈ ಆಗಸ್ಟಲ್ಲಿ ಹೋಗೋರಿಗೆ ಸೇಂಟ್ ಲಾರೆನ್ಸ್ ನದಿಯೇ ಸರಿ. ಆಳದ ಸರೋವರಗಳಲ್ಲಿ ಆಗ ಥರ್ಮೋಕ್ಲೈನ್ ಇರುತ್ತೆ, ಅಂದ್ರೆ ಮೇಲಿನ ಬೆಚ್ಚಗಿನ ನೀರಿನ ಕೆಳಗೆ ಇದ್ದಕ್ಕಿದ್ದಂತೆ ಕೊರೆಯೋ ಪದರ, ಬ್ಯಾಸ್ ಹೆಚ್ಚಾಗಿ ಅದರ ಮೇಲೇ ಇರೋದು. ನದೀಲಿ ಹರಿವು ಎಲ್ಲ ಕಲಸೋದ್ರಿಂದ ತಳದವರೆಗೂ ನೀರು ಬೆಚ್ಚಗಿರುತ್ತೆ. ಪ್ರೆಸ್ಕಾಟ್ ಹತ್ರ ರೋಥ್‌ಸೇ ಅಂತ 1889ರಲ್ಲಿ ಮುಳುಗಿದ ಹಡಗು, ಕಾರ್ಡಿನಲ್ ಹತ್ರ 1922ರಲ್ಲಿ ಸುಟ್ಟು ಮುಳುಗಿದ ಕೊನೆಸ್ಟೋಗಾ, ಎರಡಕ್ಕೂ ದಡದಿಂದ್ಲೇ ಹೋಗ್ಬಹುದು, ಎರಡೂ ಹತ್ತು ಮೀಟರ್ ಆಸುಪಾಸಿನ ಆಳ. ಹಡಗಿನ ಮರೆಯಲ್ಲಿ ಹರಿವು ಕಡಿಮೆ ಇರೋ ಕಡೆ ಸ್ಮಾಲ್‌ಮೌತ್ ನಿಂತಿರ್ತವೆ, ನೀವು ಸುಮ್ಮನಿದ್ರೆ ಅವೇ ಹತ್ರ ಬರ್ತವೆ, ಎಷ್ಟೋ ಸಲ ಡೈವರ್ ಹಿಂದೆನೇ ಬರ್ತವೆ, ಡೈವರ್ ಕಾಲಿನ ಫಿನ್ ತಳ ಕದಡಿದಾಗ ಹೊರಬೀಳೋ ಕ್ರೇಫಿಶ್, ಗೋಬಿ ಮೀನು ಹಿಡಿಯೋಕೆ. ಗೂಡಿನ ಕಾಲದಲ್ಲಿ ನೀವು ದೂರ ಇರ್ಬೇಕಾಗಿದ್ದ ಮೀನು ಈಗ ಮಾಸ್ಕ್ ಎದುರೇ ಬಂದು ನೋಡುತ್ತೆ, ಅದರ ಕೆಂಗಣ್ಣು ಇಷ್ಟು ಹತ್ರದಿಂದ ನೋಡೋ ಖುಷೀನೇ ಬೇರೆ. ಆದ್ರೆ ಕೊನೆಸ್ಟೋಗಾ ಹತ್ರ ಹರಿವು ಜೋರು, ಹೊಸಬರು ಲೋಕಲ್ ಗೈಡ್ ಇಲ್ಲದೆ ಹೋಗ್ಬೇಡಿ. ಹಡಗಿಂದ ಏನೂ ಎತ್ಕೊಂಡು ಬರೋ ಹಾಗಿಲ್ಲ, ಕಾನೂನು ಇದೆ.

ಅಪಾಯಗಳು ಅಂದ್ರೆ ನನ್ನ ಲೆಕ್ಕದಲ್ಲಿ ದೋಣಿ ಮತ್ತೆ ಗಾಳದ ದಾರ. ಕೆಂಪು ಬಟ್ಟೆ ಮೇಲೆ ಓರೆ ಬಿಳಿ ಪಟ್ಟೆಯ ಡೈವ್ ಫ್ಲಾಗ್ ಕಟ್ಟಿದ ತೇಲುಬುರುಡೆ ಎಳ್ಕೊಂಡೇ ಈಜಿ, ಕಾಲುವೇಲಿ ದೋಣಿಗಳನ್ನ ಏರಿಸಿ ಇಳಿಸೋ ಲಾಕ್ ಗೇಟ್ ಹತ್ರ ಮತ್ತೆ ದೋಣಿ ಓಡಾಡೋ ಚಾನಲ್‌ನಲ್ಲಿ ಇಳಿಯೋಕೇ ಹೋಗ್ಬೇಡಿ. ಬ್ಯಾಸ್ ಇರೋ ಕಡೆ ಗಾಳ ಹಾಕೋರೂ ಇರ್ತಾರೆ, ಬಿದ್ದ ಮರದ ಕೊಂಬೆಗೆಲ್ಲ ಸಣ್ಣ ದಾರ ಸುತ್ತಿರುತ್ತೆ, ಕಣ್ಣಿಗೆ ಕಾಣಲ್ಲ, ಎರಡು ಕಡೆ ಎರಡು ಕಟ್ಟರ್ ಇಟ್ಕೊಳ್ಳಿ. ಬ್ಯಾಸ್ ಹಿಡಿಯೋ ಸೀಸನ್ ಈ ಕಡೆ ಜೂನ್ ಮೂರನೇ ವಾರದ ಹೊತ್ತಿಗೆ ಶುರುವಾಗುತ್ತೆ, ಆ ವರ್ಷದ ನಿಯಮ ನೋಡಿ ಅದಕ್ಕಿಂತ ಮುಂಚೆ ಗೂಡಿನ ಭಾಗ ಮುಗಿಸಿದ್ರೆ ನಿಮಗೂ ನೆಮ್ಮದಿ. ದಡದ ಹುಲ್ಲಲ್ಲಿ ಲೈಮ್ ಕಾಯಿಲೆ ಹರಡೋ ಉಣ್ಣೆಗಳಿವೆ, ಸೂಟ್ ಬಿಚ್ಚಿದ ಮೇಲೆ ಮೈ ಪೂರ್ತಿ ಚೆಕ್ ಮಾಡ್ಕೊಳ್ಳಿ, ಮಕ್ಕಳಿದ್ರೆ ತಲೆಗೂದಲೊಳಗೂ ನೋಡಿ.

ಎರಡೂ ಕಡೆ ಹೋಗೋದಾದ್ರೆ ಕ್ರಮ ಹೀಗಿರಲಿ, ಮೊದಲು ಸರೋವರ ಆಮೇಲೆ ನದಿ. ನದೀಲಿ ಜೀಬ್ರಾ ಮಸಲ್ ಅನ್ನೋ ಸಣ್ಣ ಚಿಪ್ಪುಜೀವಿ ತುಂಬಾ ಇದೆ, 1988ರಲ್ಲಿ ಗ್ರೇಟ್ ಲೇಕ್ಸ್ ಭಾಗದಲ್ಲಿ ಕಂಡು ಬಂದಿದ್ದು ಆಮೇಲೆ ಎಲ್ಲ ಕಡೆ ಹರಡಿದೆ, ನೀರು ಇಷ್ಟು ತಿಳಿಯಾಗಿ ಕಾಣೋಕೆ ಅದೂ ಒಂದು ಕಾರಣ. ಅದರ ಮರಿಗಳು ಕಣ್ಣಿಗೆ ಕಾಣದಷ್ಟು ಸಣ್ಣವು, ಬಿಸಿಡಿ, ಅಂದ್ರೆ ಡೈವರ್ ತೇಲೋಕೆ ಗಾಳಿ ತುಂಬೋ ಜಾಕೆಟ್, ಅದರ ಒಳಗೆ ಉಳಿದ ಒಂದು ಲೋಟ ನೀರಲ್ಲೂ ಇನ್ನೊಂದು ಸರೋವರಕ್ಕೆ ಹೋಗ್ಬಿಡ್ತವೆ. ಹಾಗಾಗಿ ಒಂದು ನೀರಿಂದ ಇನ್ನೊಂದಕ್ಕೆ ಹೋಗೋ ಮುಂಚೆ ಬಿಸಿಡಿ ಬ್ಲ್ಯಾಡರ್ ಪೂರ್ತಿ ಖಾಲಿ ಮಾಡಿ, ಬೂಟು ಗ್ಲೌಸಿಗೆ ಅಂಟಿದ ಪಾಚಿ ಕಿತ್ತು ಹಾಕಿ, ಎಲ್ಲ ಬಿಸಿ ನೀರಲ್ಲಿ ತೊಳೆದು ಕನಿಷ್ಠ 5 ದಿನ ಒಣಗೋಕೆ ಬಿಡಿ. ಅಷ್ಟು ಟೈಮ್ ಇಲ್ಲ ಅಂದ್ರೆ ಎರಡನೇ ಜಾಗದಲ್ಲಿ ಡೈವ್ ಶಾಪಿಂದ ಬಾಡಿಗೆಗೆ ಬೇರೆ ಸೆಟ್ ತಗೊಳ್ಳಿ, ಮಾಸ್ಕ್ ಒಂದು ನಿಮ್ಮದೇ ತೊಳೆದು ಒರೆಸಿ ಇಟ್ಕೊಂಡ್ರೆ ಆಯ್ತು.