ಆಕಾಶ ಕಾಣಬೇಕಾದರೆ ಒರೆಸುವವರು ಬೇಕು

ಬಯಲಲ್ಲಿ ನಿಲ್ಲಿಸುವ ಶಿಲ್ಪದ ಆರ್ಡರ್ ಬಂದರೆ ಈಗ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಇದನ್ನು ಒರೆಸುವವರು ಯಾರು? ಕೇಳಿದ ಕೂಡಲೇ ಕಲಾವಿದರ ಮುಖ ಸಪ್ಪಗಾಗುತ್ತದೆ. ಪರವಾಗಿಲ್ಲ, ಆಮೇಲೆ ಬೈಸಿಕೊಳ್ಳುವುದಕ್ಕಿಂತ ಮೊದಲೇ ಕೇಳುವುದು ಒಳ್ಳೆಯದು ಅಲ್ವಾ.

ಕಾಸರಗೋಡಿನ ಉಪ್ಪಳದ ಹತ್ತಿರ ಒಂದು ಫ್ಯಾಬ್ರಿಕೇಶನ್ ಶೆಡ್‌ನಲ್ಲಿ ನನ್ನ ಕೆಲಸ. ಗೇಟು, ಗ್ರಿಲ್ಲು, ಮೆಟ್ಟಿಲಿನ ರೇಲಿಂಗು ಇವೇ ಜಾಸ್ತಿ. ಈಚೆಗೆ ಕಡಲಿನ ಬದಿಯ ರೆಸಾರ್ಟ್‌ಗಳಿಂದ ಶಿಲ್ಪದ ಕೆಲಸವೂ ಬರುತ್ತಿದೆ. ಕಳೆದ ಸಲ ಬಂದದ್ದು ದೊಡ್ಡ ಬೀಜದ ಆಕಾರ, ಒಂದು ಬದಿ ಉಬ್ಬು, ಇನ್ನೊಂದು ಬದಿ ಬೋಗುಣಿಯ ಹಾಗೆ ತಗ್ಗು. ಜಾಗ ಪದವಿನ ಮೇಲೆ, ಅಂದರೆ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಬೋಳು ಗುಡ್ಡದ ಮೇಲೆ, ಕೆಳಗೆ ತೆಂಗಿನ ತೋಟ, ಅದರಾಚೆ ಕಡಲು. ಮೋಡ, ಕಡಲು, ಹುಲ್ಲು ಎಲ್ಲ ಅದರಲ್ಲಿ ಕಾಣಬೇಕು ಎಂಬುದು ಕಲಾವಿದರ ಆಸೆ.

ಮಾದರಿಗೆ ಅವರು ತೋರಿಸಿದ್ದು ಶಿಕಾಗೋದಲ್ಲಿರುವ ಅನೀಶ್ ಕಪೂರ್ ಅವರ ಕ್ಲೌಡ್ ಗೇಟ್. 2006ರಲ್ಲಿ ಪೂರ್ತಿಯಾದದ್ದು. 168 ಸ್ಟೇನ್‌ಲೆಸ್ ಸ್ಟೀಲ್ ತಟ್ಟೆಗಳನ್ನು ವೆಲ್ಡ್ ಮಾಡಿ, ಒಂದು ಜೋಡಣೆಯೂ ಕಾಣದ ಹಾಗೆ ಉಜ್ಜಿದ್ದಾರೆ. ವೆಲ್ಡರ್ ಕಣ್ಣಿಗೆ ಅದು ನಿಜಕ್ಕೂ ದೊಡ್ಡ ಕೆಲಸ. ಆದರೆ ಜನ ಮುಟ್ಟುವ ಅದರ ಕೆಳಭಾಗವನ್ನು ದಿನಕ್ಕೆ 2 ಸಲ ಕೈಯಲ್ಲಿ ಒರೆಸುತ್ತಾರೆ, ಇದು ಫೋಟೋದಲ್ಲಿ ಬರುವುದಿಲ್ಲ. ಅಲ್ಲಿ ಪಕ್ಕದಲ್ಲಿರುವ ಮಿಶಿಗನ್ ಸರೋವರವೂ ಸಿಹಿನೀರು. ನಮ್ಮಲ್ಲಿ ಗಾಳಿಯೇ ಉಪ್ಪು.

ಉಪ್ಪಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಸಾಮಾನ್ಯವಾಗಿ ರೇಲಿಂಗಿಗೆ ಹಾಕುವ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲು ಕಡಲ ಹತ್ತಿರ ಬೇಗ ಚಹಾ ಚೆಲ್ಲಿದ ಹಾಗೆ ಕಂದು ಕಲೆ ಹಿಡಿಯುತ್ತದೆ. 316 ದರ್ಜೆಯದರಲ್ಲಿ ಶೇಕಡಾ 2ರಿಂದ 3ರಷ್ಟು ಮಾಲಿಬ್ಡಿನಂ ಎಂಬ ಲೋಹ ಇರುತ್ತದೆ, ಅದು ಉಪ್ಪನ್ನು ಜಾಸ್ತಿ ತಡೆಯುತ್ತದೆ, ದುಡ್ಡೂ ಜಾಸ್ತಿ. ತುಂಬಾ ಜನಕ್ಕೆ ಗೊತ್ತಿಲ್ಲದ ಸಂಗತಿ ಬೇರೆ ಇದೆ: ಗೆರೆ ಗೆರೆಯಾಗಿ ಒರಟು ಫಿನಿಶ್ ಕೊಟ್ಟರೆ ಆ ಗೆರೆಗಳಲ್ಲೇ ಉಪ್ಪು ಕೂರುತ್ತದೆ, ಕನ್ನಡಿಯಷ್ಟು ನುಣುಪಾದರೆ ಕೂರುವುದು ಕಡಿಮೆ. ಹಾಗೆಯೇ ಮಳೆ ಬೀಳುವ ಮೇಲ್ಮೈಯನ್ನು ಮಳೆಯೇ ತೊಳೆಯುತ್ತದೆ, ಮಳೆ ತಾಗದ ಹೊಟ್ಟೆಯ ಕೆಳಗೇ ಕಲೆ ಮೊದಲು ಶುರುವಾಗುವುದು. ಜೂನ್‌ನಿಂದ ಸೆಪ್ಟೆಂಬರ್ ತನಕ ನಮಗೆ ಚಿಂತೆ ಕಮ್ಮಿ. ಡಿಸೆಂಬರ್ ಮೇಲೆ ತಿಂಗಳುಗಟ್ಟಲೆ ಮಳೆ ಇಲ್ಲ, ಉಪ್ಪು ಕೂರುತ್ತಾ ಹೋಗುತ್ತದೆ.

ಹಾಗಾದರೆ ತುಕ್ಕಿನ ಬಣ್ಣವೇ ಇರಲಿ, ಮೇಲಿನ ತುಕ್ಕೇ ಒಳಗಿನದನ್ನು ಕಾಯುವ ಕಾರ್ಟೆನ್ ಸ್ಟೀಲ್ ಹಾಕೋಣ ಅಂದರು ಕಲಾವಿದರು. ಇಂಗ್ಲೆಂಡಿನ ಗೇಟ್ಸ್‌ಹೆಡ್‌ನಲ್ಲಿ ಆಂಟನಿ ಗಾರ್ಮ್ಲಿ 1998ರಲ್ಲಿ ನಿಲ್ಲಿಸಿದ ಏಂಜೆಲ್ ಆಫ್ ದ ನಾರ್ತ್ ಶಿಲ್ಪ ಅದೇ ಥರದ ಸ್ಟೀಲು, ರೆಕ್ಕೆಯ ತುದಿಯಿಂದ ತುದಿಗೆ 54 ಮೀಟರ್. ಆ ಸ್ಟೀಲಿನ ತುಕ್ಕು ಗಟ್ಟಿ ಪದರವಾಗಬೇಕಾದರೆ ಒದ್ದೆಯಾಗಬೇಕು, ಒಣಗಬೇಕು, ಮತ್ತೆ ಒದ್ದೆಯಾಗಬೇಕು. ಮಳೆ ಬಿಡದೆ ಸುರಿಯುವ ನಮ್ಮ ಆಟಿ ತಿಂಗಳಲ್ಲಿ ಹೊರಗೆ ಹಾಕಿದ ಲುಂಗಿಯೇ ಒಣಗುವುದಿಲ್ಲ. ಜೊತೆಗೆ ಉಪ್ಪು. ಬೇಡ ಅಂದೆ.

ಇನ್ನು ತಗ್ಗು ಬದಿ. ಕನ್ನಡಿ ಹೊಳಪಿನ ತಗ್ಗು ಮೇಲ್ಮೈ ಬಿಸಿಲನ್ನು ಒಂದೆಡೆ ಸೇರಿಸುತ್ತದೆ. ಬೋಗುಣಿಯ ತ್ರಿಜ್ಯ 4 ಮೀಟರ್ ಆದರೆ ಬಿಸಿಲು ಸೇರುವುದು ಸುಮಾರು 2 ಮೀಟರ್ ಮುಂದೆ, ಸರಿಯಾಗಿ ಸೆಲ್ಫಿಗೆ ನಿಲ್ಲುವ ಜಾಗ. 2013ರಲ್ಲಿ ಲಂಡನ್ನಿನ 20 ಫೆನ್‌ಚರ್ಚ್ ಸ್ಟ್ರೀಟ್ ಕಟ್ಟಡದ ಬಾಗಿದ ಗಾಜಿನಿಂದ ಬಿಸಿಲು ತಾಗಿ ರಸ್ತೆಯಲ್ಲಿ ನಿಂತಿದ್ದ ಕಾರಿನ ಭಾಗಗಳೇ ಕರಗಿದ್ದವು. ಲಾಸ್ ಏಂಜಲೀಸ್‌ನ ಸಂಗೀತ ಸಭಾಂಗಣ ಡಿಸ್ನಿ ಹಾಲ್‌ನಲ್ಲಿ ವಾಸ್ತುಶಿಲ್ಪಿ ಫ್ರಾಂಕ್ ಗೆರಿ ಹಾಕಿಸಿದ ಹೊಳೆಯುವ ಸ್ಟೀಲು ಪಕ್ಕದ ಮನೆಗಳನ್ನು ಬಿಸಿ ಮಾಡಿ, 2005ರಲ್ಲಿ ಆ ತಟ್ಟೆಗಳನ್ನು ಉಜ್ಜಿ ಮಂಕು ಮಾಡಬೇಕಾಯಿತು. ನಮ್ಮ ಪದವಿನಲ್ಲಿ ಮಾರ್ಚ್ ಹೊತ್ತಿಗೆ ಮುಳಿಹುಲ್ಲು ಒಣಗಿ ಕಡ್ಡಿಯಾಗಿರುತ್ತದೆ, ಬೀಡಿ ತುಂಡು ಬಿದ್ದರೂ ಹೊತ್ತಿಕೊಳ್ಳುತ್ತದೆ. ಶಿಲ್ಪವೇ ಬೆಂಕಿ ಹಚ್ಚಿತು ಅಂತಾದರೆ ಪೇಪರಿನಲ್ಲಿ ಬರುವುದು ಕಲಾವಿದರ ಹೆಸರಲ್ಲ ಮಾರಾಯ್ರೆ, ನಮ್ಮ ಶೆಡ್ಡಿನದ್ದು. ಇದನ್ನು ಹೇಳಿದ ಮೇಲೆ ಮಾತು ಸುಲಭವಾಯಿತು.

ಕೊನೆಗೆ ನಿಂತದ್ದು ಹೀಗೆ: ಉಬ್ಬು ಬದಿ ಮಾತ್ರ 316, ಕನ್ನಡಿ ಹೊಳಪು. ತಗ್ಗು ಬದಿಗೆ ಮುರಕಲ್ಲು. ಮುರಕಲ್ಲು ಕಡಿಯುವಾಗ ಮೆತ್ತಗೆ, ಗಾಳಿಗೆ ಬಿದ್ದ ಮೇಲೆ ಗಟ್ಟಿ. ಬೇಕಲ ಕೋಟೆಯ ಬುರುಜು ನೋಡಿ, ಒರೆಸುವವರಿಲ್ಲದೆ ಕಡಲ ಗಾಳಿಗೆ ನಿಂತಿಲ್ಲವೇ? ಬೇಸಿಗೆಯಲ್ಲಿ ಕಪ್ಪಗೆ, ಮಳೆಗಾಲದಲ್ಲಿ ಪಾಚಿ ಹಸಿರು. ಸುತ್ತಲಿನ ಪದವೂ ಹಾಗೇ, ಓಣಂ ಹೊತ್ತಿಗೆ ಅಲ್ಲಿ ಸಣ್ಣ ನೀಲಿ ಹೂವು ತುಂಬುತ್ತದೆ. ನನ್ನ ಕೇಳಿದರೆ ಆ ಜಾಗಕ್ಕೆ ಹೊಂದುವುದು ಕಲ್ಲಿನ ಬದಿಯೇ. ಸ್ಟೀಲಿನವನಾಗಿ ಹೀಗೆ ಹೇಳಬಾರದೇನೋ. ಕಾಞಂಗಾಡಿನಿಂದ ಆಚೆ ಚೆರುವತ್ತೂರಿನ ಕಡೆಯ ಶಿಲ್ಪಿ ಕಾನಾಯಿ ಕುಞ್ಞಿರಾಮನ್ 1969ರಲ್ಲಿ ಪಾಲಕ್ಕಾಡಿನ ಮಲಂಪುಳದಲ್ಲಿ ಮಾಡಿದ ಯಕ್ಷಿ ಶಿಲ್ಪಕ್ಕೆ ಹೊಳಪೇ ಇಲ್ಲ, ಬರೀ ಕಾಂಕ್ರೀಟು. ಆದರೂ ಹಿಂದಿನ ಬೆಟ್ಟಸಾಲನ್ನು ಬಿಟ್ಟು ಆಕೆಯನ್ನು ನೋಡಲಿಕ್ಕಾಗುವುದಿಲ್ಲ.

ಹೊಳಪಿನ ಬದಿಗೆ ಶೆಡ್ಡಿನಲ್ಲಿ ನಮ್ಮ ಪರೀಕ್ಷೆ ಟ್ಯೂಬ್‌ಲೈಟು. ಅದರ ಬಿಂಬದ ಗೆರೆ ಎಲ್ಲಿ ನಡುಗಿತೋ ಅಲ್ಲಿ ಅಲೆ ಇದೆ, ಮತ್ತೆ ಉಜ್ಜಬೇಕು. ಕಬ್ಬಿಣಕ್ಕೆ ಬಳಸಿದ ಗ್ರೈಂಡಿಂಗ್ ಡಿಸ್ಕನ್ನು ಇದಕ್ಕೆ ಮುಟ್ಟಿಸಲೇ ಬಾರದು, ಅದರ ಪುಡಿ ಅಂಟಿ ಮೊದಲ ಮಳೆಗೇ ತುಕ್ಕಿನ ಚುಕ್ಕಿ ಏಳುತ್ತದೆ.

ಈಗ ಕೊಟೇಶನ್‌ನಲ್ಲೇ ತೊಳೆಯುವ ಖರ್ಚು ಅಂತ ಬೇರೆ ಸಾಲು ಹಾಕುತ್ತೇವೆ. ಬೇಸಿಗೆಯಲ್ಲಿ ಸಿಹಿನೀರು, ಮೆತ್ತಗಿನ ಬಟ್ಟೆ, ಸ್ವಲ್ಪ ಸೋಪು, ಹೊಟ್ಟೆಯ ಕೆಳಗೆ ಕೈ ಹಾಕಿ ಒರೆಸಬೇಕು. ಪಾತ್ರೆ ತಿಕ್ಕುವ ಸ್ಟೀಲ್ ನಾರು ಬೇಡ, ಬ್ಲೀಚ್ ಬೇಡ. ಟೈಲ್ಸ್ ತೊಳೆಯುವ ಆ್ಯಸಿಡ್ ಅಂತೂ ಬೇಡವೇ ಬೇಡ, 316 ಇದ್ದರೂ ತಿಂದು ಹಾಕುತ್ತದೆ. ರೆಸಾರ್ಟಿನ ತೋಟದ ಹುಡುಗ ಎಲ್ಲದಕ್ಕೂ ತಲೆ ಆಡಿಸಿದ. ಆದರೂ ಹೊರಡುವ ಮೊದಲು ಅವನ ಸ್ಟೋರ್ ರೂಮಿನಿಂದ ಆ ಬಾಟ್ಲಿಗಳನ್ನು ತೆಗೆಸಿ ಬಾತ್‌ರೂಮಿನವರಿಗೆ ಕೊಡಿಸಿಯೇ ಬಂದೆ.