ಬಾಗಿಲು ತೆರೆದಿಟ್ಟೇ ಬರೆದ ಎಲಿಜಬೆತ್ ಗ್ಯಾಸ್ಕೆಲ್

ಊರಿಂದ ನೆಂಟರು ಮ್ಯಾಂಚೆಸ್ಟರ್‌ಗೆ ಬಂದರೆ ಮೊದಲು ಕೇಳುವುದು ಫುಟ್‌ಬಾಲ್ ಸ್ಟೇಡಿಯಂ ಎಲ್ಲಿ ಅಂತ. ಅದನ್ನೂ ತೋರಿಸುತ್ತೇನೆ. ಜೊತೆಗೆ ಒಂದು ಮಧ್ಯಾಹ್ನ ಪ್ಲಿಮತ್ ಗ್ರೋವ್ ರಸ್ತೆಗೂ ಕರೆದುಕೊಂಡು ಹೋಗುತ್ತೇನೆ. ನಾನು ನರ್ಸ್ ಆಗಿರುವ ಆಸ್ಪತ್ರೆಯಿಂದ ಅಲ್ಲಿಗೆ ನಡೆದೇ ಹೋಗಬಹುದು. 84ನೇ ನಂಬರಿನ ಮನೆ. ಬಾಗಿಲ ಮುಂದೆ ಎತ್ತರದ ಕಂಬಗಳು, ಗಾರೆ ಮೆತ್ತಿದ ಗೋಡೆ, ದೊಡ್ಡ ದೊಡ್ಡ ಕಿಟಕಿ. 1850ರಲ್ಲಿ ಇದಕ್ಕೆ ವರ್ಷಕ್ಕೆ 150 ಪೌಂಡ್ ಬಾಡಿಗೆ. ಬಾಡಿಗೆಗೆ ಬಂದವರು ವಿಲಿಯಂ ಗ್ಯಾಸ್ಕೆಲ್ ಎಂಬ ಪಾದ್ರಿ, ಹೆಂಡತಿ ಎಲಿಜಬೆತ್, ನಾಲ್ಕು ಹೆಣ್ಣುಮಕ್ಕಳು. ಇಷ್ಟು ಜನ ಹಸಿದಿರುವಾಗ ನಾವು ಒಂದು ಮನೆಗೆ ಇಷ್ಟೊಂದು ದುಡ್ಡು ಹಾಕುವುದು ಸರಿಯೇ ಅಂತ ಎಲಿಜಬೆತ್ ಗೆಳತಿಗೆ ಪತ್ರದಲ್ಲಿ ಸಂಕಟ ತೋಡಿಕೊಂಡಿದ್ದಳು.

ಅಷ್ಟೊತ್ತಿಗೆ ಆಕೆ ಒಂದೇ ಒಂದು ಕಾದಂಬರಿ ಬರೆದು ಊರಿನ ಗಿರಣಿ ಮಾಲೀಕರನ್ನು ಎದುರು ಹಾಕಿಕೊಂಡಾಗಿತ್ತು. ವಿಕ್ಟೋರಿಯಾ ಕಾಲ ಅಂದರೆ ನಮ್ಮ ಕಡೆ ಡಿಕನ್ಸ್ ಗೊತ್ತು, ಹಾರ್ಡಿ ಗೊತ್ತು, ಬ್ರಾಂಟಿ ಅಕ್ಕತಂಗಿಯರು ಗೊತ್ತು. ಗ್ಯಾಸ್ಕೆಲ್ ಹೆಸರು ಕೇಳಿದವರು ಕಡಿಮೆ. ನನಗಂತೂ ಆ ಕಾಲದವರಲ್ಲಿ ಈಕೆಯೇ ಎಲ್ಲರಿಗಿಂತ ಹತ್ತಿರ. ಮನೆಗೆಲಸ, ಮಕ್ಕಳು, ಬಂದು ಹೋಗುವವರು ಎಲ್ಲದರ ನಡುವೆ ಕೂತು ಬರೆದಳು. ಪರರ ಮನೆಯೊಳಗೆ ಕಾಲಿಟ್ಟು ಕಂಡದ್ದನ್ನೇ ಬರೆದಳು.

ಬರೆಯುತ್ತಿದ್ದದ್ದು ಊಟದ ಕೋಣೆಯಲ್ಲಿ. ಬಾಗಿಲು ತೆರೆದೇ ಇರುತ್ತಿತ್ತು. ಅಡುಗೆಯವರು, ಮಕ್ಕಳು, ಯಾರು ಬೇಕಾದರೂ ಬಂದು ಮಾತಾಡಿಸಬಹುದು. 1857ರ ಡಿಸೆಂಬರ್‌ನಲ್ಲಿ ಅಮೆರಿಕದ ಗೆಳೆಯ ಚಾರ್ಲ್ಸ್ ಎಲಿಯಟ್ ನಾರ್ಟನ್‌ಗೆ ಬರೆದ ಪತ್ರ ಓದಬೇಕು ನೀವು. ತಿಂಡಿ ಮುಗಿದಿದೆ, ಗಂಟೆ ಇನ್ನೂ ಹತ್ತೂವರೆ. ಅಷ್ಟರಲ್ಲೇ ತಾನು ಏನೇನು ತೀರ್ಮಾನ ಮಾಡಬೇಕಾಯಿತು ಅಂತ ಒಂದೊಂದಾಗಿ ಹೇಳುತ್ತಾಳೆ. ಮಾಂಸ ಎಷ್ಟು ಹೊತ್ತು ಬೇಯಬೇಕು? ಮ್ಯಾಂಚೆಸ್ಟರ್ ಹೊಗೆಯಲ್ಲಿ ಯಾವ ಹೂವಿನ ಗಿಡ ಬದುಕುತ್ತದೆ? ಲಂಗದ ಉದ್ದ ಎಷ್ಟಿರಬೇಕು? ಮಕ್ಕಳಿಗೆ ಪಾಠ ಹೇಳುವವಳಿಗೆ ಸಂಬಳ ಎಷ್ಟು? ನಿನ್ನ ಹಾಗೆ ನನಗೂ ಯಾರೂ ಬಾರದ ಒಂದು ಪುಸ್ತಕದ ಕೋಣೆ ಇದ್ದಿದ್ದರೆ ಎಷ್ಟು ಬರೆಯುತ್ತಿದ್ದೆ ಅನ್ನುತ್ತಾಳೆ. ಇದರ ಮೇಲೆ ಕೋಳಿ, ಹಂದಿ, ಹಸು, ತರಕಾರಿ ತೋಟ. ನೈಟ್ ಡ್ಯೂಟಿ ಮುಗಿಸಿ ಬಂದು ಕುಕ್ಕರ್ ಇಡುವ ಯಾವ ಹೆಣ್ಣಿಗೂ ಈ ಪತ್ರ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಆಕೆ ಹುಟ್ಟಿದ್ದು ಲಂಡನ್ನಿನ ಚೆಲ್ಸಿಯಲ್ಲಿ, 1810ರ ಸೆಪ್ಟೆಂಬರ್ 29ರಂದು. ಮಗುವಿಗೆ ವರ್ಷ ತುಂಬಿದ ಸ್ವಲ್ಪ ದಿನಕ್ಕೆ ತಾಯಿ ತೀರಿಕೊಂಡಳು. ಸಾಕಿದ್ದು ಚೆಷೈರ್‌ನ ನಟ್ಸ್‌ಫರ್ಡ್‌ನಲ್ಲಿದ್ದ ದೊಡ್ಡಮ್ಮ ಹ್ಯಾನಾ ಲಂಬ್. ಇದ್ದ ಒಬ್ಬನೇ ಅಣ್ಣ ಜಾನ್ ಹಡಗಿನ ಕೆಲಸಕ್ಕೆ ಸೇರಿದ್ದ. ಇಂಡಿಯಾ ಕಡೆಗೆ ಹೊರಟ ಒಂದು ಪಯಣದಲ್ಲಿ, 1828ರ ಸುಮಾರಿಗೆ, ಕಾಣೆಯಾದ. ಸತ್ತನೋ ಇದ್ದಾನೋ ಯಾರಿಗೂ ತಿಳಿಯಲಿಲ್ಲ. ನಟ್ಸ್‌ಫರ್ಡನ್ನೇ ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಆಕೆ ಬರೆದ ‘ಕ್ರ್ಯಾನ್‌ಫರ್ಡ್’ ಪುಸ್ತಕದಲ್ಲಿ ಪೀಟರ್ ಅಂತ ಒಬ್ಬ ತಮ್ಮ ಬರುತ್ತಾನೆ. ಮನೆ ಬಿಟ್ಟು ಹೋದವನು ಎಷ್ಟೋ ವರ್ಷದ ಮೇಲೆ ಇಂಡಿಯಾದಿಂದ ಮುದಿ ಅಕ್ಕನ ಬಳಿ ಮರಳುತ್ತಾನೆ. ‘ನಾರ್ತ್ ಅಂಡ್ ಸೌತ್’ನಲ್ಲೂ ಸಮುದ್ರಕ್ಕೆ ಹೋಗಿ ಮನೆಗೆ ಬರಲಾಗದ ಅಣ್ಣ ಇದ್ದಾನೆ. ಕಥೆಯ ಅಣ್ಣತಮ್ಮಂದಿರು ತಿರುಗಿ ಮನೆ ಬಾಗಿಲಿಗೆ ಬರುವ ಪುಟಗಳನ್ನು ನಾನು ನಿಧಾನವಾಗಿ ಓದುತ್ತೇನೆ.

1832ರಲ್ಲಿ ಮದುವೆ. ಗಂಡ ಮ್ಯಾಂಚೆಸ್ಟರ್‌ನ ಕ್ರಾಸ್ ಸ್ಟ್ರೀಟ್ ಚಾಪೆಲ್‌ನ ಯೂನಿಟೇರಿಯನ್ (ದೇವರು ಒಬ್ಬನೇ, ಯೇಸು ದೇವರಲ್ಲ ಅನ್ನುವ ಕ್ರೈಸ್ತ ಪಂಗಡ) ಪಾದ್ರಿ. ಆಗಿನ ಮ್ಯಾಂಚೆಸ್ಟರ್ ಹೇಗಿತ್ತು ಅನ್ನುವುದಕ್ಕೆ ಒಂದು ಲೆಕ್ಕ ಸಾಕು. ಕೂಲಿಕಾರರ ಆರೋಗ್ಯದ ಬಗ್ಗೆ 1842ರಲ್ಲಿ ಬಂದ ಎಡ್ವಿನ್ ಚಾಡ್ವಿಕ್ ವರದಿ ಪ್ರಕಾರ ಈ ಊರಿನ ಕೂಲಿಕಾರರ ಮನೆಗಳಲ್ಲಿ ಸಾಯುವವರ ಸರಾಸರಿ ವಯಸ್ಸು 17. ರಟ್ಲಂಡ್ ಎಂಬ ಹಳ್ಳಿಗಾಡಿನ ಕೂಲಿಕಾರರಿಗೆ 38. ಸಾಯುವವರಲ್ಲಿ ಕೂಸುಗಳೇ ಜಾಸ್ತಿ ಇದ್ದದ್ದರಿಂದ ಸರಾಸರಿ ಅಷ್ಟು ಕೆಳಗೆ ಬಂದಿತ್ತು. ಪಾದ್ರಿಯ ಹೆಂಡತಿಯಾಗಿ ಎಲಿಜಬೆತ್ ಇಂಥ ಮನೆಗಳಿಗೆ ಹೋಗಿ ಬರುತ್ತಿದ್ದಳು.

ಕೂಸು ಕಳೆದುಕೊಳ್ಳುವ ನೋವು ಅವಳ ಮನೆಗೂ ಬಂತು. ಮೊದಲ ಹೆಣ್ಣುಮಗು ಹುಟ್ಟುವಾಗಲೇ ಸತ್ತಿತ್ತು. 1845ರಲ್ಲಿ ವರ್ಷವೂ ತುಂಬದ ಮಗ ವಿಲ್ಲಿ ವೇಲ್ಸ್‌ನಲ್ಲಿ ಸ್ಕಾರ್ಲೆಟ್ ಜ್ವರಕ್ಕೆ ಬಲಿಯಾದ. ದುಃಖದಿಂದ ಮೇಲೇಳಲಿ ಅಂತ ಗಂಡನೇ ಬರೆಯಲು ಹೇಳಿದ. ಹಾಗೆ ಹುಟ್ಟಿದ್ದು ‘ಮೇರಿ ಬಾರ್ಟನ್’. 1848ರ ಅಕ್ಟೋಬರ್‌ನಲ್ಲಿ ಲೇಖಕಿಯ ಹೆಸರಿಲ್ಲದೆ ಹೊರಬಂತು. ಪ್ರಕಾಶಕರು ಕೊಟ್ಟದ್ದು 100 ಪೌಂಡ್.

ಅದರ ಆರನೇ ಅಧ್ಯಾಯದಲ್ಲಿ ಡಾವನ್‌ಪೋರ್ಟ್ ಎಂಬ ಕೂಲಿಕಾರನ ನೆಲಮಾಳಿಗೆ ಬರುತ್ತದೆ. ರಸ್ತೆಯ ಕೊಳಕು ನೀರು ಒಳಗೆ ಜಿನುಗಿ ಇಟ್ಟಿಗೆಯ ನೆಲ ಒದ್ದೆಯಾಗಿದೆ. ಅದರ ಮೇಲೇ ಮಕ್ಕಳು ಹೊರಳಾಡುತ್ತಿವೆ. ಒಲೆ ಆರಿದೆ. ಗಂಡ ವಿಷಮಜ್ವರದಲ್ಲಿ ಮಲಗಿದ್ದಾನೆ. ನೋಡಲು ಬಂದ ಜಾನ್ ಬಾರ್ಟನ್ ತಾನೂ ಬಡವನೇ. ಮನೆಗೆ ಹೋಗಿ ತನ್ನ ಒಳ್ಳೆಯ ಕೋಟು, ಕೆಂಪು ಹಳದಿ ಬಣ್ಣದ ಒಂದೇ ಒಂದು ರೇಷ್ಮೆ ಕರವಸ್ತ್ರ ತೆಗೆದುಕೊಂಡು ಗಿರವಿ ಅಂಗಡಿಯಲ್ಲಿಡುತ್ತಾನೆ. ಸಿಗುವುದು ಐದು ಶಿಲ್ಲಿಂಗ್. ಅದರಲ್ಲಿ ಆ ಮನೆಗೆ ಊಟ, ಮೇಣದಬತ್ತಿ, ಕಲ್ಲಿದ್ದಲು. ಅವನ ಒಡವೆ, ಬೆಳ್ಳಿ ಪಾತ್ರೆ, ಆಸ್ತಿ ಎಲ್ಲ ಆ ಎರಡು ವಸ್ತುಗಳೇ ಅನ್ನುತ್ತಾಳೆ ಗ್ಯಾಸ್ಕೆಲ್. ಬಡತನದ ಬಗ್ಗೆ ಭಾಷಣ ಬರೆದವರು ಆ ಕಾಲದಲ್ಲಿ ಬೇಕಾದಷ್ಟು ಜನ ಇದ್ದರು. ಕರವಸ್ತ್ರದ ಬಣ್ಣ ಗೊತ್ತಿರಬೇಕಾದರೆ ಆ ಮನೆಗೆ ಹೋಗಿ ಕೂತಿರಬೇಕು.

ಪುಸ್ತಕದಲ್ಲಿ ಗಿರಣಿ ಮಾಲೀಕನ ಮಗನ ಕೊಲೆಯೂ ಆಗುತ್ತದೆ. ಮಾಲೀಕರನ್ನು ಕೆಟ್ಟದಾಗಿ ತೋರಿಸಿದ್ದಾಳೆ ಅಂತ ಪತ್ರಿಕೆಗಳಲ್ಲಿ ಕೂಗೆದ್ದಿತು. ನೆನಪಿಡಿ, ಕ್ರಾಸ್ ಸ್ಟ್ರೀಟ್ ಚಾಪೆಲ್‌ನಲ್ಲಿ ಮುಂದೆ ಕೂತು ಪ್ರಾರ್ಥನೆ ಮಾಡುತ್ತಿದ್ದವರಲ್ಲಿ ಮಾಲೀಕರೂ ಇದ್ದರು. ಗಂಡನ ಸಂಬಳ ಬರುತ್ತಿದ್ದದ್ದು ಅಂಥವರ ದುಡ್ಡಿನಿಂದ. 1853ರಲ್ಲಿ ‘ರೂತ್’ ಬಂದಾಗ ಇನ್ನೂ ಕಷ್ಟ. ಮದುವೆಯಾಗದೆ ತಾಯಿಯಾದ ಹುಡುಗಿಯನ್ನು ಮರ್ಯಾದೆಯಿಂದ ಬರೆದಿದ್ದಕ್ಕೆ ಚಾಪೆಲ್‌ನವರೇ ಇಬ್ಬರು ಪುಸ್ತಕ ಸುಟ್ಟರು. ಮತ್ತೊಬ್ಬ ಹೆಂಡತಿಗೆ ಓದಬೇಡ ಅಂದ. ಅವರೆಲ್ಲ ಚಾಪೆಲ್‌ನಲ್ಲಿ ನಮ್ಮ ಪಕ್ಕದಲ್ಲೇ ಕೂರುತ್ತಾರೆ ಅಂತ ಆಕೆ ಬರೆದುಕೊಂಡಿದ್ದಾಳೆ. ಮುಂದಿನ ವಾರವೂ ಅದೇ ಬೆಂಚಿಗೆ ಹೋಗಿ ಕೂತಳಲ್ಲ, ಅದಕ್ಕೆ ಎಷ್ಟು ಗಟ್ಟಿ ಎದೆ ಬೇಕು!

‘ಮೇರಿ ಬಾರ್ಟನ್’ ಓದಿದ ಡಿಕನ್ಸ್ ತನ್ನ ಹೊಸ ವಾರಪತ್ರಿಕೆ ‘ಹೌಸ್‌ಹೋಲ್ಡ್ ವರ್ಡ್ಸ್’ಗೆ ಬರೆಯಲು ಕರೆದ. 1850ರ ಮೊದಲ ಸಂಚಿಕೆಯಲ್ಲೇ ಆಕೆಯ ಕಥೆ ಬಂತು. 20 ಪೌಂಡ್ ಬಂದಾಗ ಅವಳಿಗೇ ನಂಬಿಕೆ ಬರಲಿಲ್ಲ. ಇಷ್ಟು ದುಡ್ಡು ತೆಗೆದುಕೊಂಡು ಮೋಸ ಮಾಡುತ್ತಿದ್ದೇನಾ ಅಂದುಕೊಂಡಳಂತೆ. ಗಂಡ ಸುಮ್ನೆ ಆ ಹಣವನ್ನು ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡ ಅಂತ ಪತ್ರದಲ್ಲಿದೆ. ಆಗಿನ ಕಾನೂನು ಹಾಗಿತ್ತು. ಹೆಂಡತಿ ದುಡಿದದ್ದು ಗಂಡನದು.

ಡಿಕನ್ಸ್ ಜೊತೆ ಜಗಳವೂ ಆಯಿತು. ‘ನಾರ್ತ್ ಅಂಡ್ ಸೌತ್’ 1854ರ ಸೆಪ್ಟೆಂಬರ್‌ನಿಂದ ವಾರವಾರ ಬರುತ್ತಿತ್ತು. ಬೇಗ ಮುಗಿಸಿ, ಕಡಿಮೆ ಬರೆಯಿರಿ ಅಂತ ಅವನು. ನನ್ನ ಕಥೆ ನನಗೆ ಗೊತ್ತು ಅಂತ ಇವಳು. ಕಾದಂಬರಿಯ ಹೆಸರು ಮಾತ್ರ ಅವನು ಹೇಳಿದ್ದೇ ಉಳಿಯಿತು.

ಆ ಕಾದಂಬರಿಯ ಒಂದು ಮಾತುಕತೆ ನನ್ನನ್ನು ಬಿಟ್ಟಿಲ್ಲ. ಬೆಸ್ಸಿ ಹಿಗ್ಗಿನ್ಸ್ ಎಂಬ ಹುಡುಗಿಗೆ ವಯಸ್ಸು ಇಪ್ಪತ್ತೂ ಇಲ್ಲ, ಸಾಯುವ ಸ್ಥಿತಿಯಲ್ಲಿದ್ದಾಳೆ. ಹತ್ತಿ ಬಾಚುವ ಕೋಣೆಯಲ್ಲಿ ಕೆಲಸ ಮಾಡಿದವಳು. ಬಾಚುವಾಗ ಸಣ್ಣ ಸಣ್ಣ ಎಳೆ ಹಾರಿ ಗಾಳಿಯೆಲ್ಲ ಬಿಳಿ ಪುಡಿಯಾಗುತ್ತದೆ, ಅದು ಎದೆಗೆ ಸುತ್ತಿಕೊಳ್ಳುತ್ತದೆ ಅನ್ನುತ್ತಾಳೆ. ಇದಕ್ಕೆ ಉಪಾಯ ಇಲ್ಲವೇ ಅಂದರೆ, ಇದೆ. ಕೋಣೆಯ ತುದಿಗೆ ದೊಡ್ಡ ಚಕ್ರ ಹಾಕಿದರೆ ಗಾಳಿ ಎಳೆದು ಪುಡಿ ಹೊರಗೆ ಹೋಗುತ್ತದೆ. ಆದರೆ ಅದಕ್ಕೆ ಐನೂರು ಆರುನೂರು ಪೌಂಡ್ ಬೇಕು, ಲಾಭ ಬರುವುದಿಲ್ಲ. ಹಾಗಾಗಿ ಹಾಕಿಸುವ ಮಾಲೀಕರು ಕಡಿಮೆ. ಆಮೇಲೆ ಬರುವ ಮಾತು ಕೇಳಿ: ಕೆಲವು ಕೆಲಸಗಾರರಿಗೂ ಆ ಚಕ್ರ ಬೇಡವಂತೆ. ಪುಡಿ ನುಂಗಿ ನುಂಗಿ ಅಭ್ಯಾಸವಾದವರಿಗೆ ಅದಿಲ್ಲದಿದ್ದರೆ ಹಸಿವು ಜಾಸ್ತಿಯಾಗುತ್ತದೆ. ಚಕ್ರ ಹಾಕಿದರೆ ಕೂಲಿಯನ್ನೂ ಏರಿಸಬೇಕು ಅನ್ನುತ್ತಾರೆ.

ನಾನು ಎದೆರೋಗದ ವಾರ್ಡಿನಲ್ಲಿ ಕೆಲಸ ಮಾಡುವವಳು. ಹತ್ತಿಪುಡಿಯಿಂದ ಬರುವ ಈ ಕಾಯಿಲೆಗೆ ಇವತ್ತು ಬೈಸಿನೋಸಿಸ್ ಅನ್ನುತ್ತಾರೆ. ಊರು ಗದಗ ಕಡೆ. ಸುಗ್ಗಿಯಲ್ಲಿ ಹತ್ತಿ ಜಿನ್ನಿನ ಮುಂದೆ ಹಾದು ಹೋದರೆ ತಲೆಗೂದಲು, ರೆಪ್ಪೆ ಎಲ್ಲ ಅರಳೆ. ಒಳಗೆ ಕೆಲಸ ಮಾಡುವ ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡಿರುತ್ತಿದ್ದರು. ಬೆಸ್ಸಿಯ ಕೆಮ್ಮು ನನಗೆ ಪುಸ್ತಕದ ಕೆಮ್ಮಾಗಿ ಕೇಳುವುದೇ ಇಲ್ಲ.

ನಮ್ಮ ಹತ್ತಿಗೂ ಈ ಊರಿಗೂ ನಂಟು ಹಳೆಯದು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿಂದ ಹತ್ತಿ ಬರುವುದು ನಿಂತಿತು. ಲ್ಯಾಂಕಷೈರ್ ಗಿರಣಿಗಳು ಮುಚ್ಚಿದವು, ಲಕ್ಷಾಂತರ ಜನ ಬೀದಿಗೆ ಬಿದ್ದರು. ಆಗ ಇವರ ಕಣ್ಣು ಇಂಡಿಯಾದ ಮೇಲೆ. 1840ರ ದಶಕದಿಂದಲೇ ಧಾರವಾಡ ಸೀಮೆಯಲ್ಲಿ ಅಮೆರಿಕದ ಬೀಜ ಬಿತ್ತಿ ಬೆಳೆಸಿದ್ದ ಹತ್ತಿಗೆ ಪೇಟೆಯಲ್ಲಿ ‘ಧಾರವಾಡ ಅಮೆರಿಕನ್’ ಅಂತಲೇ ಹೆಸರು. ಅದನ್ನು ಹಡಗಿಗೆ ಸಾಗಿಸಲು ಕಾರವಾರ ಬಂದರಿಗೆ ರಸ್ತೆ ಮಾಡಿಸಿ ಅಂತ ಮ್ಯಾಂಚೆಸ್ಟರ್ ವ್ಯಾಪಾರಿಗಳು ಸರ್ಕಾರದ ಬೆನ್ನು ಹತ್ತಿದ್ದರು. ಅದೇ ದಿನಗಳಲ್ಲಿ ಎಲಿಜಬೆತ್ ಮತ್ತು ಹೆಣ್ಣುಮಕ್ಕಳು ಕೆಲಸ ಕಳೆದುಕೊಂಡವರ ಮನೆಗಳಿಗೆ ಓಡಾಡಿದರು, ಪರಿಹಾರದ ಕೆಲಸದಲ್ಲಿ ಹಗಲಿಡೀ ದುಡಿದು ಸುಸ್ತಾದರು. ಬರವಣಿಗೆ ಮೂಲೆಗೆ ಬಿತ್ತು.

ಷಾರ್ಲೆಟ್ ಬ್ರಾಂಟಿ ವಿಷಯ ಹೇಳದಿದ್ದರೆ ಆಗುವುದಿಲ್ಲ. 1850ರಲ್ಲಿ ಪರಿಚಯ. ಆಮೇಲೆ ಷಾರ್ಲೆಟ್ ಮೂರು ಸಲ ಪ್ಲಿಮತ್ ಗ್ರೋವ್‌ಗೆ ಬಂದು ಉಳಿದಳು. ನಾಚಿಕೆ ಸ್ವಭಾವ ಎಷ್ಟೆಂದರೆ, ಒಮ್ಮೆ ಯಾರೋ ಅತಿಥಿ ಬಂದಾಗ ಪರದೆಯ ಹಿಂದೆ ಅಡಗಿ ನಿಂತಳು. ಆ ಹಾಲ್‌ನಲ್ಲಿ ನಿಂತು ಉದ್ದ ಕಿಟಕಿ ನೋಡಿದಾಗ ಹೌದಲ್ಲ, ಇಲ್ಲಿ ಅಡಗಬಹುದು ಅನ್ನಿಸುತ್ತದೆ. 1855ರಲ್ಲಿ ಷಾರ್ಲೆಟ್ ತೀರಿಕೊಂಡ ಮೇಲೆ ಅವಳ ತಂದೆಯೇ ಜೀವನಚರಿತ್ರೆ ಬರೆದುಕೊಡಿ ಅಂತ ಗ್ಯಾಸ್ಕೆಲ್‌ಗೆ ಕೇಳಿಕೊಂಡ. 1857ರಲ್ಲಿ ಪುಸ್ತಕ ಬಂತು. ಕೋರ್ಟಿಗೆ ಎಳೆಯುತ್ತೇವೆ ಅಂತ ಬೆದರಿಕೆಯೂ ಬಂತು. ಪತ್ರಿಕೆಯಲ್ಲಿ ಕ್ಷಮೆ ಪ್ರಕಟಿಸಿ ಕೆಲವು ಭಾಗ ತಿದ್ದಬೇಕಾಯಿತು. ಆದರೂ ಒಬ್ಬ ಲೇಖಕಿ ಮತ್ತೊಬ್ಬ ಲೇಖಕಿಯ ಬದುಕನ್ನು ಅಷ್ಟು ಪ್ರೀತಿಯಿಂದ ಬರೆದ ಪುಸ್ತಕ ನನಗೆ ಬೇರೆ ಗೊತ್ತಿಲ್ಲ.

1865ರ ಹೊತ್ತಿಗೆ ಆಕೆಯ ಸಂಪಾದನೆ ಚೆನ್ನಾಗಿತ್ತು. ಹ್ಯಾಂಪ್‌ಷೈರ್‌ನ ಹೋಲಿಬೋರ್ನ್‌ನಲ್ಲಿ 2,600 ಪೌಂಡಿಗೆ ಒಂದು ಮನೆ ಕೊಂಡಳು. ಸ್ವಲ್ಪ ಸಾಲ, ಸ್ವಲ್ಪ ಕಾದಂಬರಿಯ ದುಡ್ಡು. ಗಂಡನಿಗೆ ಹೇಳಿರಲಿಲ್ಲ. ಮುಂದೆ ಅವನು ಕೆಲಸದಿಂದ ನಿವೃತ್ತನಾದಾಗ ಕರೆದುಕೊಂಡು ಹೋಗಿ ಖುಷಿಪಡಿಸಬೇಕು ಅಂತ ಆಸೆ. ನವೆಂಬರ್ 12ರ ಭಾನುವಾರ ಅದೇ ಮನೆಯಲ್ಲಿ, ಹೆಣ್ಣುಮಕ್ಕಳ ಜೊತೆ ಚಹಾ ಕುಡಿಯುತ್ತ ಮಾತಾಡುತ್ತಿದ್ದವಳು ಕುಸಿದು ತೀರಿಕೊಂಡಳು. ವಯಸ್ಸು 55. ಪತ್ರಿಕೆಯಲ್ಲಿ ಕಂತು ಕಂತಾಗಿ ಬರುತ್ತಿದ್ದ ‘ವೈವ್ಸ್ ಅಂಡ್ ಡಾಟರ್ಸ್’ ಕಾದಂಬರಿಯ ಕೊನೆಯ ಕಂತು ಬರೆದಿರಲಿಲ್ಲ. ಕಥೆ ಹೀಗೆ ಮುಗಿಯಬೇಕಿತ್ತು ಅಂತ ಸಂಪಾದಕನೇ ಟಿಪ್ಪಣಿ ಬರೆದು ಸೇರಿಸಿದ. ವಿಲಿಯಂ 1884ರವರೆಗೆ ಬದುಕಿದ್ದ, ಮ್ಯಾಂಚೆಸ್ಟರ್ ಬಿಡಲಿಲ್ಲ. ಇಬ್ಬರ ಸಮಾಧಿಯೂ ನಟ್ಸ್‌ಫರ್ಡ್‌ನಲ್ಲಿ, ಬ್ರೂಕ್ ಸ್ಟ್ರೀಟ್ ಚಾಪೆಲ್ ಅಂಗಳದಲ್ಲಿದೆ. ಮ್ಯಾಂಚೆಸ್ಟರ್‌ನಿಂದ ರೈಲಿನಲ್ಲಿ ಹೋಗಿ ಸಂಜೆಯೊಳಗೆ ವಾಪಸ್ ಬರಬಹುದು.

ಪ್ಲಿಮತ್ ಗ್ರೋವ್‌ನಲ್ಲಿ ಮಗಳು ಮೀಟಾ 1913ರವರೆಗೆ ಇದ್ದಳು. ರಿಪೇರಿಯಾಗಿ 2014ರಲ್ಲಿ ಮನೆ ಸಾರ್ವಜನಿಕರಿಗೆ ತೆರೆಯಿತು. ವಾರದಲ್ಲಿ ಕೆಲವೇ ದಿನ ತೆರೆದಿರುತ್ತದೆ, ಬರುವ ಮೊದಲು ನೋಡಿಕೊಳ್ಳಿ. ಬರಲು ಆಗದವರು ಪುಸ್ತಕ ಓದಿ. ಎಲ್ಲವೂ ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ‘ಕ್ರ್ಯಾನ್‌ಫರ್ಡ್’ ಹಗುರವಾಗಿದೆ, ಚಿಕ್ಕದು, ಹಾಗಾಗಿ ಹೆಚ್ಚಿನವರು ಅದನ್ನೇ ಮೊದಲು ಓದಿ ಅನ್ನುತ್ತಾರೆ. ನಾನು ‘ನಾರ್ತ್ ಅಂಡ್ ಸೌತ್’ನಿಂದ ಶುರು ಮಾಡಿ ಅನ್ನುತ್ತೇನೆ. ಹುಬ್ಬಳ್ಳಿ, ದಾವಣಗೆರೆಯಲ್ಲಿ ಹತ್ತಿ ಗಿರಣಿಯ ಸೈರನ್ ಕೇಳಿ ಬೆಳೆದವರಿಗೆ ಅದರಲ್ಲಿ ಬರುವ ಮುಷ್ಕರ, ಮಾಲೀಕ, ಕೂಲಿ, ಕೆಮ್ಮು ಯಾವುದೂ ಹೊಸದಲ್ಲ.